ಮೊದಲು ಸ್ಲೈಡ್, ಆಮೇಲೆ ಔಷಧಿ

ರಕ್ತದ ಕಾಯಿಲೆಗೆ ಅಂತ ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಕೈಯಲ್ಲಿ ಸಿಬಿಸಿ (ರಕ್ತಕಣಗಳ ಎಣಿಕೆ) ರಿಪೋರ್ಟ್ ಹಿಡಿದೇ ಬರುತ್ತಾರೆ. ಅದರಲ್ಲಿ ಒಂದು ಅಂಕಿಗೆ ಯಾರೋ ಪೆನ್ನಿನಲ್ಲಿ ಸುತ್ತು ಹಾಕಿರುತ್ತಾರೆ. ಸಾಮಾನ್ಯವಾಗಿ ಹಿಮೋಗ್ಲೋಬಿನ್, ಇಲ್ಲಾಂದ್ರೆ ಪ್ಲೇಟ್‌ಲೆಟ್. ನಾನು ಸುತ್ತು ಹಾಕದೆ ಬಿಟ್ಟ ಅಂಕಿಗಳನ್ನು ಮೊದಲು ಓದುತ್ತೇನೆ. ಎಂಸಿವಿ (ಕೆಂಪು ಕಣದ ಸರಾಸರಿ ಗಾತ್ರ) ಎಷ್ಟು, ಆರ್‌ಡಿಡಬ್ಲ್ಯು (ಆ ಗಾತ್ರದಲ್ಲಿನ ಏರುಪೇರು) ಎಷ್ಟು, ಕೆಂಪು ಕಣಗಳ ಸಂಖ್ಯೆ ಎಷ್ಟು? ಆಮೇಲೆ ಕೇಳುವುದು, "ಸ್ಲೈಡ್ ಯಾರಾದ್ರೂ ನೋಡಿದ್ದಾರಾ?" ಬಹಳ ಸಲ ನೋಡಿರುವುದಿಲ್ಲ. ಹೊಸದಾಗಿ ರಕ್ತ ತೆಗೆಸಿ, ಸ್ಮಿಯರ್ ಮಾಡಿಸಿ, ಅಂದರೆ ಗಾಜಿನ ಮೇಲೆ ರಕ್ತವನ್ನು ತೆಳುವಾಗಿ ಹರಡಿಸಿ, ನಾನೇ ಮೈಕ್ರೋಸ್ಕೋಪ್ ಮುಂದೆ ಕೂರುತ್ತೇನೆ. ಲ್ಯಾಬಿನವರ ಮೇಲೆ ನಂಬಿಕೆ ಇಲ್ಲ ಅಂತಲ್ಲ. ರೋಗಿಯ ನಾಲಿಗೆ ನೋಡಿ, ಹೊಟ್ಟೆ ಒತ್ತಿ, ಗುಲ್ಮ ದೊಡ್ಡದಾಗಿದೆಯಾ ಅಂತ ತಿಳಿದುಕೊಂಡು ಸ್ಲೈಡ್ ನೋಡಿದರೆ, ಏನನ್ನು ಹುಡುಕಬೇಕು ಅನ್ನುವುದು ಆಗಲೇ ಗೊತ್ತಿರುತ್ತದೆ.

ಸ್ಮಿಯರ್ ಸರಿ ಇಲ್ಲದಿದ್ದರೆ ಎಷ್ಟು ನೋಡಿದರೂ ವ್ಯರ್ಥ. ಗಾಜಿನ ಒಂದು ತುದಿಯ ಹತ್ತಿರ ಚಿಕ್ಕ ಹನಿ ರಕ್ತ. ಇನ್ನೊಂದು ಗಾಜನ್ನು 30ರಿಂದ 45 ಡಿಗ್ರಿ ಓರೆಯಾಗಿ ಹಿಡಿದು ಹನಿಗೆ ತಾಗಿಸಬೇಕು. ರಕ್ತ ಅಂಚಿನುದ್ದಕ್ಕೂ ಹರಡಿದ ತಕ್ಷಣ ಒಂದೇ ಸಲಕ್ಕೆ ಮುಂದಕ್ಕೆ ತಳ್ಳಬೇಕು. ಮಧ್ಯೆ ಕೈ ತಡೆದರೆ ಅಡ್ಡ ಪಟ್ಟೆ ಬೀಳುತ್ತದೆ. ಒಣಗಿದ ಮೇಲೆ ಲೀಶ್‌ಮನ್ ಬಣ್ಣ ಹಾಕಿ ಎರಡು ನಿಮಿಷ ಸುಮ್ನೆ ಬಿಡಬೇಕು. ನಂತರ ಅದರ ಎರಡು ಪಟ್ಟು ಬಫರ್ ನೀರು, ಪಿಎಚ್ 6.8ರದ್ದು, ಸೇರಿಸಿ ಎಂಟು-ಹತ್ತು ನಿಮಿಷ. ನೀರಿನಲ್ಲಿ ಕ್ಷಾರ ಜಾಸ್ತಿಯಾದರೆ ಎಲ್ಲವೂ ನೀಲಿ ತಿರುಗುತ್ತದೆ, ಆಮ್ಲ ಜಾಸ್ತಿಯಾದರೆ ಕೆಂಪು. ನೋಡುವ ಜಾಗವೂ ಮುಖ್ಯ. ದಪ್ಪ ಕಡೆ ಕಣಗಳು ಒಂದರ ಮೇಲೊಂದು ಬಿದ್ದಿರುತ್ತವೆ. ತುತ್ತತುದಿಯಲ್ಲಿ ಒಳ್ಳೆಯ ಕೆಂಪು ಕಣವೂ ನಡುವಿನ ಬಿಳುಪು ಕಳೆದುಕೊಂಡು ಸ್ಫೀರೋಸೈಟ್ (ಚೆಂಡಿನಂತೆ ಉರುಟಾದ ರೋಗದ ಕಣ) ಥರ ಕಾಣುತ್ತದೆ. ಇವೆರಡರ ನಡುವೆ, ಕಣಗಳು ಒಂದಕ್ಕೊಂದು ತಾಗಿಯೂ ತಾಗದ ಹಾಗೆ ಇರುವ ಕಡೆ ನಿಲ್ಲಬೇಕು. ಅಲ್ಲಿ ಒಂದು ಸಣ್ಣ ಲಿಂಫೋಸೈಟ್ (ಒಂದು ಬಗೆಯ ಬಿಳಿ ಕಣ) ಹುಡುಕಿ ಅದರ ನ್ಯೂಕ್ಲಿಯಸ್ ಪಕ್ಕ ಕೆಂಪು ಕಣ ಇಟ್ಟು ನೋಡುತ್ತೇನೆ. ಎರಡೂ ಹೆಚ್ಚು ಕಡಿಮೆ ಒಂದೇ ಅಳತೆ ಇದ್ದರೆ ಗಾತ್ರ ಸರಿ ಇದೆ ಅಂತ.

ಕಣ ಚಿಕ್ಕದಿದ್ದರೆ, ಅಂದರೆ ಎಂಸಿವಿ 80ಕ್ಕಿಂತ ಕೆಳಗಿದ್ದರೆ, ಎಲ್ಲರ ಕೈಯೂ ಕಬ್ಬಿಣದ ಮಾತ್ರೆಗೇ ಹೋಗುತ್ತದೆ. ಬಹುಪಾಲು ಸರಿಯೂ ಹೌದು. ಆದರೆ "ನಂಗೆ ಚಿಕ್ಕಂದಿನಿಂದ್ಲೂ ರಕ್ತ ಕಮ್ಮಿ ಡಾಕ್ಟ್ರೇ, ಎಷ್ಟು ಮಾತ್ರೆ ನುಂಗಿದ್ರೂ ಏರಲ್ಲ" ಅನ್ನುವವರು ಬರುತ್ತಾರಲ್ಲ, ಅವರ ರಿಪೋರ್ಟ್ ಸ್ವಲ್ಪ ನಿಧಾನವಾಗಿ ಓದಬೇಕು. ಹಿಮೋಗ್ಲೋಬಿನ್ 11, ಎಂಸಿವಿ 62, ಕೆಂಪು ಕಣಗಳು ಮೈಕ್ರೋಲೀಟರಿಗೆ 58 ಲಕ್ಷ ಅಂತಿಟ್ಟುಕೊಳ್ಳಿ. ಕಬ್ಬಿಣ ಇಲ್ಲದ ಮೂಳೆ ಮಜ್ಜೆಗೆ ಅಷ್ಟೊಂದು ಕಣ ಮಾಡುವ ಶಕ್ತಿ ಎಲ್ಲಿಂದ ಬರಬೇಕು? 58 ಲಕ್ಷ ಅಂದರೆ 5.8 ಮಿಲಿಯನ್; 62ನ್ನು 5.8ರಿಂದ ಭಾಗಿಸಿದರೆ 11ರ ಆಸುಪಾಸು. 13ಕ್ಕಿಂತ ಕಮ್ಮಿ ಬಂದರೆ ಥಲಸ್ಸೀಮಿಯಾ (ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ, ವಂಶದಲ್ಲಿ ಬರುವ ಕಾಯಿಲೆ) ವಾಹಕರಾ ಅಂತ ನೋಡಬೇಕು. ಈ ಲೆಕ್ಕ ಸುಳಿವು ಅಷ್ಟೇ, ತೀರ್ಪಲ್ಲ. ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಎ2 ಶೇ. 3.5 ದಾಟಿದ್ದರೆ ಬೀಟಾ ಥಲಸ್ಸೀಮಿಯಾ ವಾಹಕ ಅಂತ ಹೇಳುವುದು ವಾಡಿಕೆ. ಇಲ್ಲೊಂದು ತೊಡಕಿದೆ. ಜೊತೆಗೆ ಕಬ್ಬಿಣದ ಕೊರತೆಯೂ ಇದ್ದರೆ ಎ2 ಕೆಳಗಿಳಿದು, ವಾಹಕರಾಗಿರುವುದೇ ಕಾಣದೆ ಹೋಗಬಹುದು. ಹಾಗಾಗಿ ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು ತಿಳಿಸುವ ಪರೀಕ್ಷೆ) ಜೊತೆಯಲ್ಲೇ ಕಳಿಸುತ್ತೇನೆ. ವಾಹಕರಿಗೆ ಚಿಕಿತ್ಸೆ ಬೇಕಿಲ್ಲ. ಸಂಗಾತಿಯ ರಕ್ತ ಪರೀಕ್ಷೆ ಮಾತ್ರ ಬೇಕೇ ಬೇಕು. ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು.

ನಿಜವಾದ ಕಬ್ಬಿಣದ ಕೊರತೆಯಾದರೆ ಔಷಧಿ ಬರೆಯುವುದು ಸುಲಭದ ಕೆಲಸ. ಕಬ್ಬಿಣ ಎಲ್ಲಿ ಸೋರಿ ಹೋಯಿತು ಅಂತ ಹುಡುಕುವುದೇ ಕಷ್ಟ. ವಯಸ್ಸಾದ ಗಂಡಸಿಗೆ, ಮುಟ್ಟು ನಿಂತ ಹೆಂಗಸಿಗೆ ಕಬ್ಬಿಣ ಕಮ್ಮಿ ಇದ್ದರೆ ಹೊಟ್ಟೆ, ಕರುಳು ನೋಡಿಸದೆ ಬಿಡುವುದಿಲ್ಲ. ಮಾತ್ರೆಯಿಂದ ಹಿಮೋಗ್ಲೋಬಿನ್ ಏರಿತು ಅಂತ ಖುಷಿಪಡುವಷ್ಟರಲ್ಲಿ ಕರುಳಿನ ಗಡ್ಡೆ ಬೆಳೆದಿರಬಹುದು.

ಇನ್ನು ದೊಡ್ಡ ಕಣಗಳ ಕಥೆ. ಇದು ನನಗೆ ಇಷ್ಟದ ವಿಷಯ, ಯಾಕೆಂದರೆ ಇಲ್ಲಿ ಎಷ್ಟೋ ಸಲ ಒಳ್ಳೆ ಸುದ್ದಿ ಹೇಳಬಹುದು. ಒಬ್ಬರನ್ನು ಬ್ಲಡ್ ಕ್ಯಾನ್ಸರ್ ಇರಬಹುದು ಅಂತ ಕಳಿಸಿದ್ದರು. ಹಿಮೋಗ್ಲೋಬಿನ್ 5ರ ಕೆಳಗೆ, ಬಿಳಿ ಕಣ ಕಮ್ಮಿ, ಪ್ಲೇಟ್‌ಲೆಟ್ ಕಮ್ಮಿ, ಎಲ್‌ಡಿಎಚ್ (ಕಣಗಳು ಒಡೆದಾಗ ಏರುವ ಕಿಣ್ವ) ಸಾವಿರಗಳಲ್ಲಿ. ಮನೆಯವರ ಮುಖ ನೋಡಲಾಗುತ್ತಿರಲಿಲ್ಲ. ಎಂಸಿವಿ 118 ಅಂತ ರಿಪೋರ್ಟಿನ ಮೂಲೆಯಲ್ಲಿ ಬರೆದೇ ಇತ್ತು. ಬಾಯಿ ತೆಗೆಸಿದೆ, ನಾಲಿಗೆ ನುಣ್ಣಗಿತ್ತು. ಕಣ್ಣಲ್ಲಿ ತೆಳು ಹಳದಿ. ಕಾಲು ಜುಮುಗುಡುತ್ತಾ ಅಂತ ಕೇಳಿದರೆ, "ಹೌದು, ಚಪ್ಪಲಿ ಕಳಚಿದ್ದೂ ಗೊತ್ತಾಗಲ್ಲ" ಅಂದರು. ಸ್ಲೈಡಿನಲ್ಲಿ ದೊಡ್ಡ ದೊಡ್ಡ ಮೊಟ್ಟೆಯಾಕಾರದ ಕೆಂಪು ಕಣಗಳು. ನ್ಯೂಟ್ರೋಫಿಲ್ ಅನ್ನುವ ಬಿಳಿ ಕಣದ ನ್ಯೂಕ್ಲಿಯಸ್ಸಿಗೆ ಸಾಮಾನ್ಯವಾಗಿ ಮೂರ್ನಾಲ್ಕು ಹಾಲೆ ಇರುತ್ತವೆ. ಇಲ್ಲಿ ಆರು, ಇನ್ನೊಂದರಲ್ಲೂ ಆರು. ಬ್ಲಾಸ್ಟ್ (ಬ್ಲಡ್ ಕ್ಯಾನ್ಸರಿನಲ್ಲಿ ಕಾಣುವ ಎಳೆಯ ಕಣ) ಒಂದೂ ಇಲ್ಲ. ಬಿ12 ಕೊರತೆ.

"ರಕ್ತ ಹಾಕಲ್ವಾ ಡಾಕ್ಟ್ರೇ?" ಅಂತ ಮಗ ಕೇಳಿದ. ಹಾಕಲಿಲ್ಲ. ರಕ್ತ ನಿಧಾನವಾಗಿ ತಿಂಗಳುಗಟ್ಟಲೆ ಇಳಿದಿರುವವರ ದೇಹ ಅದಕ್ಕೆ ಹೊಂದಿಕೊಂಡಿರುತ್ತದೆ. ಅವಸರಕ್ಕೆ ಬಾಟಲಿ ಏರಿಸಿದರೆ ಹೃದಯ ತಡೆಯದೆ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಎದೆ ನೋವೋ ಉಸಿರಿನ ತೊಂದರೆಯೋ ಇದ್ದರೆ ಮಾತು ಬೇರೆ, ಆಗಲೂ ಒಂದೇ ಯೂನಿಟ್, ನಿಧಾನವಾಗಿ. ಬಿ12, ಫೋಲೇಟ್ ಪರೀಕ್ಷೆಗೆ ರಕ್ತ ತೆಗೆದಿಟ್ಟು, 1000 ಮೈಕ್ರೋಗ್ರಾಂ ಇಂಜೆಕ್ಷನ್ ಶುರು ಮಾಡಿದೆವು. ಪೊಟ್ಯಾಸಿಯಂ ಮೇಲೆ ಕಣ್ಣಿಟ್ಟೆವು. ಮಜ್ಜೆ ಒಮ್ಮೆಲೇ ಕೆಲಸಕ್ಕೆ ಇಳಿದಾಗ ಪೊಟ್ಯಾಸಿಯಂ ಕುಸಿಯುವುದುಂಟು. ವಾರದೊಳಗೆ ರೆಟಿಕ್ಯುಲೋಸೈಟ್ (ಹೊಸದಾಗಿ ಹುಟ್ಟಿದ ಕೆಂಪು ಕಣ) ಏರಿತು. ಅದು ಏರಿದರೆ ರೋಗ ಹಿಡಿದದ್ದು ಸರಿ ಅಂತ ಲೆಕ್ಕ, ಹಿಮೋಗ್ಲೋಬಿನ್ ಆಮೇಲೆ ಬರುತ್ತದೆ. ಒಂದು ಮಾತು: ಬರೀ ಫೋಲಿಕ್ ಆಸಿಡ್ ಕೊಟ್ಟರೂ ರಕ್ತ ಸುಧಾರಿಸುತ್ತದೆ, ನರಗಳ ಹಾನಿ ಮಾತ್ರ ಒಳಗೊಳಗೇ ಮುಂದುವರಿಯುತ್ತದೆ. ಬಿ12 ಸ್ಥಿತಿ ತಿಳಿಯದೆ ಅದೊಂದನ್ನೇ ಕೊಡಬಾರದು.

ಪ್ಲೇಟ್‌ಲೆಟ್ ವಿಷಯದಲ್ಲಿ ಮಷಿನ್ ಸುಳ್ಳು ಹೇಳುವುದೂ ಇದೆ. ರಿಪೋರ್ಟಿನಲ್ಲಿ 18,000, ಮೈಮೇಲೆ ಒಂದು ಕಲೆ ಇಲ್ಲ, ಒಸಡಿನಲ್ಲಿ ರಕ್ತ ಇಲ್ಲ. ಅಂಥವರ ಸ್ಲೈಡಿನ ಬಾಲದ ಕಡೆ ನೋಡಿದರೆ ಕೆಲವರಲ್ಲಿ ಪ್ಲೇಟ್‌ಲೆಟ್‌ಗಳು ಗುಂಪು ಗುಂಪಾಗಿ ಅಂಟಿ ಕೂತಿರುತ್ತವೆ. ರಕ್ತ ಹೆಪ್ಪುಗಟ್ಟದಿರಲಿ ಅಂತ ಟ್ಯೂಬಿನಲ್ಲಿ ಹಾಕಿರುವ ಇಡಿಟಿಎಯಿಂದ ಹೀಗಾಗುತ್ತದೆ. ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ತೆಗೆಸಿ, ಬಂದ ಅಂಕಿಗೆ ಶೇ. 10 ಸೇರಿಸಿದರೆ ಹೆಚ್ಚಿನವರಲ್ಲಿ ನಿಜ ಗೊತ್ತಾಗುತ್ತದೆ. ಇದನ್ನು ನೋಡದೆ ಸ್ಟೆರಾಯ್ಡ್ ಶುರು ಮಾಡಿಸಿಕೊಂಡು ಬಂದವರನ್ನು ಕಂಡಿದ್ದೇನೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ನಿಧಾನದ ಮಾತು. ಅದೇ ಸ್ಲೈಡ್ ನನ್ನನ್ನು ಓಡಿಸುವುದೂ ಉಂಟು. ಪ್ಲೇಟ್‌ಲೆಟ್ ನಿಜಕ್ಕೂ ಕಮ್ಮಿ, ಜೊತೆಗೆ ಕೆಂಪು ಕಣಗಳು ಚೂರು ಚೂರು. ತ್ರಿಕೋನ, ಹೆಲ್ಮೆಟ್ ಆಕಾರ. ರಕ್ತ ಹೆಪ್ಪುಗಟ್ಟುವ ಪರೀಕ್ಷೆಗಳಾದ ಪಿಟಿ, ಎಪಿಟಿಟಿ ನಾರ್ಮಲ್. ರೋಗಿ ಸ್ವಲ್ಪ ತೊದಲುತ್ತಿದ್ದಾರೆ. ಟಿಟಿಪಿ (ಸಣ್ಣ ರಕ್ತನಾಳಗಳಲ್ಲಿ ಹೆಪ್ಪು ಕಟ್ಟುವ ಕಾಯಿಲೆ) ಇರಬಹುದು ಅನ್ನಿಸಿದರೆ ಸಾಕು, ಆಡಮ್‌ಟಿಎಸ್13 (ಈ ಕಾಯಿಲೆಯಲ್ಲಿ ಕಮ್ಮಿಯಾಗುವ ಕಿಣ್ವ) ಪರೀಕ್ಷೆಗೆ ರಕ್ತ ತೆಗೆದಿಟ್ಟು ಅದೇ ದಿನ ಪ್ಲಾಸ್ಮಾ ಬದಲಿಸುವ ಚಿಕಿತ್ಸೆ, ಸ್ಟೆರಾಯ್ಡ್. ಯಂತ್ರ ಸಿಗುವುದು ತಡವಾದರೆ ಅಲ್ಲಿಯವರೆಗೆ ಪ್ಲಾಸ್ಮಾ ಹನಿ. ಚಿಕಿತ್ಸೆ ಸಿಗದಿದ್ದರೆ ಹತ್ತರಲ್ಲಿ ಒಂಬತ್ತು ಜನ ಉಳಿಯದ ಕಾಯಿಲೆ ಇದು. ಪ್ರಾಣಕ್ಕೆ ಕುತ್ತಾಗುವ ರಕ್ತಸ್ರಾವ ಇಲ್ಲದಿದ್ದರೆ ಪ್ಲೇಟ್‌ಲೆಟ್ ಹಾಕುವುದಿಲ್ಲ. ಮನೆಯವರಿಗೆ ಇದನ್ನು ಒಪ್ಪಿಸುವುದು ಒಂದು ಸಾಹಸ. ಕಮ್ಮಿ ಇರುವುದನ್ನೇ ಕೊಡಲ್ಲ ಅಂದರೆ ಯಾರಿಗೆ ತಾನೇ ಸಮಾಧಾನ?

ಇನ್ನೊಂದು ಎಪಿಎಲ್. ಲ್ಯುಕೇಮಿಯಾ ಅನ್ನುವ ಬ್ಲಡ್ ಕ್ಯಾನ್ಸರಿನಲ್ಲೇ ಒಂದು ಬಗೆ. ಬ್ಲಾಸ್ಟ್ ಥರದ ಕಣದೊಳಗೆ ಸೂಜಿಯಂಥ ಆವರ್ ಕಡ್ಡಿಗಳು ಸೌದೆ ಹೊರೆ ಕಟ್ಟಿದ ಹಾಗೆ ಒಟ್ಟಿಗೆ ಬಿದ್ದಿರುತ್ತವೆ. ಒಮ್ಮೆ ಕಂಡರೆ ಮರೆಯುವುದಿಲ್ಲ. ಮೈಯೆಲ್ಲ ಕಪ್ಪು ಕಲೆ, ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನೋಜನ್ ಪಾತಾಳಕ್ಕೆ ಇಳಿದಿರುತ್ತದೆ. ಮೊದಲ ಕೆಲವು ದಿನ ಮಿದುಳಿನಲ್ಲಿ ರಕ್ತ ಸೋರಿ ಸಾಯುವ ಅಪಾಯ. ಅದನ್ನು ದಾಟಿಸಿದರೆ ಆಟ್ರಾ (ವಿಟಮಿನ್ ಎ ಬಗೆಯ ಔಷಧಿ) ಮತ್ತು ಆರ್ಸೆನಿಕ್‌ನಿಂದ ಹೆಚ್ಚಿನವರು ಪೂರ್ತಿ ಗುಣವಾಗುತ್ತಾರೆ. ಹಾಗಾಗಿ ಅನುಮಾನ ಬಂದ ರಾತ್ರಿಯೇ ಆಟ್ರಾ ಕ್ಯಾಪ್ಸೂಲ್ ಕೊಡುತ್ತೇನೆ, ಪ್ಲೇಟ್‌ಲೆಟ್ ಮತ್ತು ಕ್ರಯೋಪ್ರೆಸಿಪಿಟೇಟ್ (ಫೈಬ್ರಿನೋಜನ್ ಇರುವ ರಕ್ತದ ಅಂಶ) ತರಿಸುತ್ತೇನೆ. ಎಪಿಎಲ್ ಹೌದೋ ಅಲ್ಲವೋ ಹೇಳುವ ಪಿಎಂಎಲ್-ರಾರಾ ಪರೀಕ್ಷೆ ಆ ಹೊತ್ತಿಗೆ ಇನ್ನೂ ದಾರಿಯಲ್ಲಿರುತ್ತದೆ. ರಿಪೋರ್ಟ್ ಬಂದು ಎಪಿಎಲ್ ಅಲ್ಲ ಅಂದರೆ ಕ್ಯಾಪ್ಸೂಲ್ ನಿಲ್ಲಿಸಿದರಾಯಿತು.