‘ಟೀಚರ್, ಅದು ಕೊಡಿ’: ಮಕ್ಕಳೇ ನಡೆಸುವ ತರಗತಿ ಜೋಡಿಸುವುದು ಹೇಗೆ?

ಒಂದು ನೋಟ್‌ಬುಕ್, ಒಂದು ಪೆನ್ಸಿಲ್. ಮೊದಲ ದಿನಕ್ಕೆ ಇಷ್ಟು ಸಾಕು. ಹೊಸ ಮೇಜು, ಹೊಸ ಕಪಾಟಿನ ಮಾತು ಆಮೇಲೆ.

ಮಗು ನಿಮ್ಮ ಹತ್ತಿರ ಬಂದು ಏನಾದರೂ ಕೇಳಿದಾಗಲೆಲ್ಲ ಒಂದು ಗೀಟು ಎಳೆಯಿರಿ. ‘ಟೀಚರ್, ಕತ್ತರಿ ಕೊಡಿ.’ ಒಂದು ಗೀಟು. ‘ಟೀಚರ್, ನೀರು ಬೇಕು.’ ಇನ್ನೊಂದು. ‘ಟೀಚರ್, ಈಗ ಏನ್ಮಾಡ್ಲಿ?’ ಇದಕ್ಕೆ ಬೇಕಾದರೆ ಎರಡು ಹಾಕಿ. ನಾನು ಮೊದಲ ಸಲ ಎಣಿಸಿದಾಗ ಊಟದ ಬಿಡುವಿಗೆ ಮುಂಚೆಯೇ ಪುಟ ತುಂಬಿತ್ತು. ತಮಾಷೆಯೆಂದರೆ, ಅದರ ಹಿಂದಿನ ವಾರವಷ್ಟೇ ಪೋಷಕರ ಮುಂದೆ ನಿಂತು ‘ನಮ್ಮ ತರಗತಿಯಲ್ಲಿ ಎಲ್ಲ ಮಕ್ಕಳ ಇಷ್ಟದಂತೆಯೇ’ ಎಂದು ಹೇಳಿ ಬಂದಿದ್ದೆ.

‘ಏನು ಬೇಕೋ ಆರಿಸಿಕೋ ಪುಟ್ಟಾ’ ಎಂದು ಬಾಯಲ್ಲಿ ಹೇಳಿ, ಬಣ್ಣದ ಡಬ್ಬಿಯನ್ನು ಬೀರುವಿನ ಮೇಲಿಟ್ಟರೆ ಆರಿಸುವವರು ನಾವೇ ಅಲ್ವಾ? ಮಗುವಿನ ಕೈಗೆ ಎಟುಕದ್ದೆಲ್ಲ ನಮ್ಮ ಅಧಿಕಾರದಲ್ಲಿದೆ. ಹಾಗಾಗಿ ಕೋಣೆ ಜೋಡಿಸುವುದೆಂದರೆ, ಆ ಗೀಟುಗಳನ್ನು ಒಂದೊಂದಾಗಿ ಅಳಿಸುತ್ತ ಹೋಗುವ ಕೆಲಸ. ಮೂರರಿಂದ ಆರು ವರ್ಷದ ಮಕ್ಕಳ ತರಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಮಂಡಿಯೂರಿ ನೋಡಿ

ಮಕ್ಕಳು ಮನೆಗೆ ಹೋದ ಮೇಲೆ ಬಾಗಿಲ ಬಳಿ ಮಂಡಿಯೂರಿ. ನಿಮ್ಮ ಕಣ್ಣು ಹೆಚ್ಚುಕಡಿಮೆ ಮಗುವಿನ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಈಗ ಏನು ಕಾಣುತ್ತದೆ? ಮೇಜಿನ ಅಡಿಭಾಗ. ಬೀರುವಿನ ಮುಚ್ಚಿದ ಬಾಗಿಲು. ಕತ್ತು ಹಿಂದಕ್ಕೆ ವಾಲಿಸಿದರೆ ಮಾತ್ರ ಕಾಣುವ ಚಾರ್ಟುಗಳು. ನಾವು ಅಷ್ಟು ಕಷ್ಟಪಟ್ಟು ಅಂಟಿಸಿದ ಚಾರ್ಟುಗಳು ಬಾಗಿಲಲ್ಲಿ ನಿಂತ ದೊಡ್ಡವರಿಗಾಗಿಯೇ ಇವೆ ಅನ್ನುವುದು ಆಗ ಗೊತ್ತಾಗುತ್ತದೆ.

ಅವುಗಳಲ್ಲಿ ಮುಕ್ಕಾಲು ಪಾಲು ಕಿತ್ತು ಹಾಕಿ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 24 ಪುಟ್ಟ ಮಕ್ಕಳಿಗೆ ಎರಡು ಬಗೆಯ ಕೋಣೆಯಲ್ಲಿ ಪಾಠ ಮಾಡಿಸಿ ನೋಡಿದ್ದರು. 2014ರಲ್ಲಿ ಅದು ಪ್ರಕಟವಾಯಿತು. ಗೋಡೆ ತುಂಬ ಚಿತ್ರ ಅಂಟಿಸಿದ್ದ ಕೋಣೆಯಲ್ಲಿ ಶೇ 38.6ರಷ್ಟು ಹೊತ್ತು ಮಕ್ಕಳ ಗಮನ ಬೇರೆ ಕಡೆಗಿತ್ತು. ಖಾಲಿ ಗೋಡೆಯ ಕೋಣೆಯಲ್ಲಿ ಶೇ 28.4. ಇದು ಟೀಚರ್ ಪಾಠ ಹೇಳುವಾಗಿನ ಲೆಕ್ಕ, ಆಟದ ಹೊತ್ತಿನದ್ದಲ್ಲ. ಆದರೂ ಗೋಡೆ ಸುಮ್ನೆ ಕೂರುವುದಿಲ್ಲ, ಅದೂ ಮಾತಾಡುತ್ತಿರುತ್ತದೆ ಅನ್ನುವುದಂತೂ ಖಚಿತ. ಖಾಲಿಯಾದ ಜಾಗದಲ್ಲಿ ಮಕ್ಕಳೇ ಮಾಡಿದ್ದನ್ನು ಹಾಕಿ, ಅವರ ಕಣ್ಣಿನ ಮಟ್ಟದಲ್ಲಿ. ಯಾವುದನ್ನು ಹಾಕಬೇಕು ಎಂದು ಅವರನ್ನೇ ಕೇಳಿ. ನಾವು ‘ಚೆನ್ನಾಗಿದೆ’ ಅಂದುಕೊಂಡ ಚಿತ್ರವನ್ನು ಅವರು ಬಹಳ ಸಲ ಆರಿಸುವುದೇ ಇಲ್ಲ.

ಬೀರುವಿನ ಬಾಗಿಲು ತೆಗೆಯಿರಿ

1907ರ ಜನವರಿ 6ರಂದು ರೋಮ್‌ನ ಸ್ಯಾನ್ ಲೊರೆಂಜೊ ಬಡಾವಣೆಯಲ್ಲಿ ಇಟಲಿಯ ವೈದ್ಯೆ, ಶಿಕ್ಷಣತಜ್ಞೆ ಮರಿಯಾ ಮಾಂಟೆಸ್ಸರಿ ತಮ್ಮ ಮೊದಲ ಶಿಶುಶಾಲೆ ‘ಮಕ್ಕಳ ಮನೆ’ ತೆರೆದರು. ಆಗ ಸಾಮಗ್ರಿಯೆಲ್ಲ ದೊಡ್ಡ ಬೀರುವಿನಲ್ಲಿತ್ತು, ಕೀಲಿ ಟೀಚರ್ ಹತ್ತಿರ. ಅವರೇ ತೆಗೆದು ಹಂಚಬೇಕು, ಅವರೇ ವಾಪಸ್ ಇಡಬೇಕು. ಒಂದು ದಿನ ಟೀಚರ್ ತಡವಾಗಿ ಬಂದರು. ಹಿಂದಿನ ದಿನ ಬೀಗ ಹಾಕಲು ಬೇರೆ ಮರೆತಿದ್ದರು. ನೋಡಿದರೆ ಬೀರು ತೆರೆದಿದೆ, ಮಕ್ಕಳು ಅದರ ಸುತ್ತ ಸೇರಿದ್ದಾರೆ, ಕೆಲವರು ತಮಗೆ ಬೇಕಾದ್ದನ್ನು ಎತ್ತಿಕೊಂಡು ಹೊರಟಿದ್ದಾರೆ. ಟೀಚರ್‌ಗೆ ಅದು ಕಳ್ಳತನದಂತೆ ಕಂಡಿತು. ಮಾಂಟೆಸ್ಸರಿಗೆ ಕಂಡದ್ದೇ ಬೇರೆ: ಯಾವುದು ಬೇಕು ಎನ್ನುವುದು ಈ ಮಕ್ಕಳಿಗೆ ಗೊತ್ತಿದೆ. ಆಮೇಲೆ ಆ ಬೀರುವಿನ ಜಾಗಕ್ಕೆ ತಗ್ಗಾದ, ಬಾಗಿಲಿಲ್ಲದ ಕಪಾಟುಗಳು ಬಂದವು.

ನೀವೂ ಇದನ್ನೇ ಮಾಡಿ. ಕಪಾಟಿನ ಮೇಲಿನ ಹಲಗೆ ಮಗುವಿನ ಎದೆಮಟ್ಟ ದಾಟಬಾರದು. ಒಂದು ಟ್ರೇಯಲ್ಲಿ ಒಂದು ಕೆಲಸಕ್ಕೆ ಬೇಕಾದ್ದೆಲ್ಲ ಇರಲಿ. ಕತ್ತರಿಸುವ ಟ್ರೇ ಅಂದರೆ ಕತ್ತರಿ, ಕಾಗದ, ಚೂರು ಹಾಕಲು ಬಟ್ಟಲು, ಮೂರೂ ಬೇಕು. ಬಟ್ಟಲು ಮರೆತಿರೋ, ಮತ್ತೆ ಗೀಟು. ಟ್ರೇಗಳ ನಡುವೆ ಒಂದು ಗೇಣು ಜಾಗ ಬಿಡಿ. ತುಂಬಿ ತುಳುಕುವ ಕಪಾಟಿನಿಂದ ಮಗು ಏನನ್ನೂ ಆರಿಸುವುದಿಲ್ಲ, ಎಲ್ಲವನ್ನೂ ಕೆಳಗೆ ಸುರಿಯುತ್ತದೆ. ಉಳಿದ ಸಾಮಾನು ಬೇರೆ ಕಡೆ ಎತ್ತಿಡಿ.

ಇನ್ನೊಂದು ಸಣ್ಣ ಉಪಾಯ. ಕತ್ತರಿ ಇಡುವ ಜಾಗದಲ್ಲಿ ಅದರ ಅಂಚಿನ ಸುತ್ತ ಮಾರ್ಕರ್‌ನಿಂದ ಗೆರೆ ಎಳೆಯಿರಿ. ಓದು ಬಾರದ ಮಗುವಿಗೂ ಆ ಆಕಾರ ಅರ್ಥವಾಗುತ್ತದೆ. ನಮ್ಮಲ್ಲಿ ಮೂರೂವರೆ ವರ್ಷದ ಒಬ್ಬ ಹುಡುಗ ಕತ್ತರಿಯನ್ನು ಗೆರೆಯ ಮೇಲಿಟ್ಟ, ಹೊಂದಲಿಲ್ಲ. ತಿರುಗಿಸಿದ, ಆಗಲೂ ಇಲ್ಲ. ಮಗುಚಿ ಹಾಕಿದ. ಸರಿಯಾಗಿ ಕೂತಿತು. ಯಾರನ್ನೂ ನೋಡದೆ ‘ಹ್ಞಾಂ’ ಅಂದು ಹೊರಟುಹೋದ. ‘ಎತ್ತಿಡು, ಎತ್ತಿಡು’ ಎಂದು ನಾನು ವರ್ಷಗಟ್ಟಲೆ ಕೂಗಿದ್ದು ನೆನಪಾಗಿ ನಗು ಬಂತು.

ಕುರ್ಚಿ ಮೇಜಿನ ಅಳತೆ ಚುಟುಕಾಗಿ ಹೇಳುತ್ತೇನೆ: 93ರಿಂದ 116 ಸೆಂ.ಮೀ. ಎತ್ತರದ ಮಗುವಿಗೆ ಕುರ್ಚಿಯ ಆಸನ 26 ಸೆಂ.ಮೀ., ಮೇಜು 46 ಸೆಂ.ಮೀ. ಇದು ಯುರೋಪಿನ ಶಾಲಾ ಪೀಠೋಪಕರಣದ ಮಾನದಂಡ. ಟೇಪು ಇಲ್ಲದಿದ್ದರೆ ಪಾದ ನೋಡಿ. ಕೂತಾಗ ಎರಡೂ ಪಾದ ನೆಲಕ್ಕೆ ಪೂರ್ತಿ ಊರಬೇಕು.

ಮೂಲೆ ಮತ್ತು ದಾರಿ

ಇಲ್ಲಿ ಎಡವಿದವರೇ ಜಾಸ್ತಿ. ನಾನೂ ಎಡವಿದ್ದೇನೆ.

ಬಣ್ಣದ ಮೂಲೆಯನ್ನು ಒಳ್ಳೆಯ ಬೆಳಕಿದೆ ಎಂದು ಕಿಟಕಿ ಪಕ್ಕ ಮಾಡಿದ್ದೆ. ನಲ್ಲಿ ಇದ್ದದ್ದು ಎದುರು ಗೋಡೆಯಲ್ಲಿ. ನಡುವೆ ಪುಸ್ತಕದ ಚಾಪೆ. ಮಕ್ಕಳು ಬ್ರಶ್ ತೊಳೆಯುವ ನೀರಿನ ಲೋಟ ಹಿಡಿದು ಆ ಚಾಪೆ ದಾಟಿಯೇ ಓಡಾಡಬೇಕು. ಎರಡು ದಿನದಲ್ಲಿ ಪುಸ್ತಕಗಳೆಲ್ಲ ಒದ್ದೆ. ನಾನು ಮಾಡಿದ್ದೇನು ಗೊತ್ತಾ? ‘ನೀರು ಟೀಚರೇ ತಂದುಕೊಡ್ತಾರೆ’ ಎಂಬ ನಿಯಮ. ತಪ್ಪು ಕೋಣೆಯದ್ದು, ಶಿಕ್ಷೆ ಮಕ್ಕಳಿಗೆ. ವಾರ ಕಳೆದ ಮೇಲೆ ಬುದ್ಧಿ ಬಂತು, ಬಣ್ಣದ ಮೂಲೆಯನ್ನೇ ನಲ್ಲಿಯ ಪಕ್ಕಕ್ಕೆ ಎಳೆದೆ. ನಿಯಮ ತಾನಾಗಿ ಬಿದ್ದುಹೋಯಿತು.

ಆದ್ದರಿಂದ ಮೊದಲು ಕಾಗದದ ಮೇಲೆ ಕೋಣೆಯ ನಕ್ಷೆ ಬರೆದು ಬಾಗಿಲು, ನಲ್ಲಿ, ಕಿಟಕಿ ಗುರುತು ಹಾಕಿ. ನೀರಿನ ಕೆಲಸಗಳೆಲ್ಲ ನಲ್ಲಿ ಕಡೆಗೆ. ಪಕ್ಕದಲ್ಲೇ ಮಗುವಿನ ಎತ್ತರಕ್ಕೆ ಒರೆಸುವ ಬಟ್ಟೆ ತೂಗುಹಾಕಿ. ಪುಸ್ತಕದ ಮೂಲೆಯೂ ಬ್ಲಾಕ್ಸ್ ಮೂಲೆಯೂ ದೂರದೂರ ಇರಲಿ. ಒಂದು ಪಿಸುಮಾತಿನ ಜಾಗ, ಇನ್ನೊಂದು ಧಡಾರ್ ಎನ್ನುವ ಜಾಗ. ಆಮೇಲೆ ಬಾಗಿಲಿನಿಂದ ಪ್ರತಿ ಮೂಲೆಗೂ ಹೋಗುವ ದಾರಿಯನ್ನು ಗೆರೆ ಎಳೆದು ನೋಡಿ. ಆ ಗೆರೆ ಬ್ಲಾಕ್ಸ್ ಜಾಗವನ್ನು ಸೀಳಿಕೊಂಡು ಹೋದರೆ ಜಗಳ ಗ್ಯಾರಂಟಿ. ‘ಇವನು ನನ್ನ ಗೋಪುರ ಬೀಳಿಸಿದ’ ಎನ್ನುವ ದೂರುಗಳಲ್ಲಿ ಎಷ್ಟೋ ಸಲ ತುಂಟತನ ಇರುವುದಿಲ್ಲ, ಅವನು ಕೈತೊಳೆಯಲು ಹೊರಟಿರುತ್ತಾನೆ ಅಷ್ಟೇ. ಮಧ್ಯದಲ್ಲಿ ದೊಡ್ಡ ಖಾಲಿ ಜಾಗವನ್ನೂ ಬಿಡಬೇಡಿ, ಅದು ಓಟದ ಮೈದಾನವಾಗುತ್ತದೆ. ತಗ್ಗು ಕಪಾಟನ್ನೇ ಅಡ್ಡಗೋಡೆ ಮಾಡಿ. ಮಕ್ಕಳಿಗೆ ಮರೆ ಸಿಗುತ್ತದೆ, ನಿಂತ ನಿಮಗೆ ಎಲ್ಲವೂ ಕಾಣುತ್ತದೆ.

ಇಟಲಿಯ ರೆಜ್ಜೊ ಎಮಿಲಿಯಾದ ಶಿಶುಶಾಲೆಗಳಲ್ಲಿ ಒಂದು ತರಗತಿಗೆ ಇಬ್ಬರು ಟೀಚರ್. ಕೋಣೆಯನ್ನು ಅವರು ಮೂರನೆಯ ಟೀಚರ್ ಎನ್ನುತ್ತಾರೆ. ಆ ಒದ್ದೆ ಪುಸ್ತಕಗಳ ವಾರದಲ್ಲಿ ನನ್ನ ಮೂರನೆಯ ಟೀಚರ್ ನನ್ನ ವಿರುದ್ಧವೇ ನಿಂತಿದ್ದರು.

ಏನೇನು ಇಡಬೇಕು?

ಒಂದೇ ರೀತಿ ಆಡಬಹುದಾದ ಆಟಿಕೆ ಕಡಿಮೆ, ಹತ್ತು ರೀತಿ ಆಡಬಹುದಾದ ಸಾಮಾನು ಜಾಸ್ತಿ. ಗುಂಡಿ ಒತ್ತಿದರೆ ಹಾಡುವ ಆಟಿಕೆಯಲ್ಲಿ ಆಡುವುದು ಆಟಿಕೆಯೇ, ಮಗುವಲ್ಲ. ಬಟ್ಟೆ ತುಂಡು, ರಟ್ಟಿನ ಕೊಳವೆ, ದೊಡ್ಡ ಮುಚ್ಚಳ, ಹಗ್ಗ, ಮರದ ತುಂಡು ಇಂಥವನ್ನು ‘ಲೂಸ್ ಪಾರ್ಟ್ಸ್’ ಎನ್ನುತ್ತಾರೆ. ಸೈಮನ್ ನಿಕಲ್ಸನ್ ಎಂಬ ಕಲಾವಿದ 1971ರಲ್ಲಿ ಈ ಮಾತನ್ನು ಬಳಕೆಗೆ ತಂದರು. ಕದಲಿಸಬಹುದಾದ ವಸ್ತು ಸುತ್ತ ಎಷ್ಟು ಜಾಸ್ತಿ ಇರುತ್ತವೋ ಹೊಸದನ್ನು ಹುಟ್ಟಿಸಲು ಅಷ್ಟು ದಾರಿ ಎನ್ನುವುದು ಅವರ ವಾದ.

ದುಡ್ಡು ಹಾಕಿ ಕೊಳ್ಳುವುದಾದರೆ ಮರದ ಬ್ಲಾಕ್ಸ್ ಕೊಳ್ಳಿ. ನ್ಯೂಯಾರ್ಕಿನ ಶಿಕ್ಷಕಿ ಕ್ಯಾರೊಲಿನ್ ಪ್ರ್ಯಾಟ್ ರೂಪಿಸಿದ ಬಗೆಯವು ಇವತ್ತಿಗೂ ಸಿಗುತ್ತವೆ. ಮೂಲ ತುಂಡಿನ ದಪ್ಪದ ಎರಡರಷ್ಟು ಅಗಲ, ಅಗಲದ ಎರಡರಷ್ಟು ಉದ್ದ. ಸೇತುವೆ ಕಟ್ಟುತ್ತ ಉದ್ದದ ತುಂಡು ಮುಗಿದುಹೋದಾಗ ಮಗು ಎರಡು ಗಿಡ್ಡ ತುಂಡು ಜೋಡಿಸಿ ನೋಡುತ್ತದೆ. ಸರಿಹೋಗುತ್ತದೆ. ಅರ್ಧ ಎಂದರೇನು ಎಂದು ಯಾರೂ ಪಾಠ ಮಾಡಿರುವುದಿಲ್ಲ.

ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಮೂರು ವರ್ಷದೊಳಗಿನವರು ಅಥವಾ ಇನ್ನೂ ಎಲ್ಲವನ್ನೂ ಬಾಯಿಗೆ ಹಾಕುವವರು ಇದ್ದರೆ, 3.2 ಸೆಂ.ಮೀ. ಅಗಲದ ಕೊಳವೆಯೊಳಗೆ ಹಿಡಿಸುವ ಯಾವ ವಸ್ತುವೂ ಕೈಗೆ ಸಿಗಬಾರದು. ಉದ್ದದ ಹಗ್ಗವನ್ನೂ ಒಬ್ಬರೇ ಇರುವಾಗ ಕೊಡಬೇಡಿ. ಬಿಸಿ, ಗಾಜು, ಔಷಧಿ, ಶುಚಿಗೊಳಿಸುವ ದ್ರವ ಇವಕ್ಕೆ ಬೀಗ ಇರಲೇಬೇಕು. ಈ ಗೀಟುಗಳನ್ನು ಯಾವತ್ತೂ ಅಳಿಸಬೇಡಿ.

ಹೊತ್ತು ಕೊಡಿ

ಇಷ್ಟೆಲ್ಲ ಮಾಡಿ ಇಪ್ಪತ್ತು ನಿಮಿಷಕ್ಕೊಮ್ಮೆ ಗಂಟೆ ಬಾರಿಸಿದರೆ ಎಲ್ಲ ವ್ಯರ್ಥ. ಮಕ್ಕಳು ಮೊದಲ ಹತ್ತು ನಿಮಿಷ ಸುಮ್ನೆ ಸುತ್ತಾಡುತ್ತಾರೆ. ನಿಜವಾದ ಆಟ ಶುರುವಾಗುವುದೇ ಆಮೇಲೆ. ಕನಿಷ್ಠ ಮುಕ್ಕಾಲು ಗಂಟೆ, ಸಾಧ್ಯವಾದರೆ ಒಂದು ಗಂಟೆ ಬಿಡಿ. ಶುರುವಿನಲ್ಲಿ ‘ಇವತ್ತು ಏನು ಮಾಡ್ತೀಯ?’ ಎಂದು ಒಂದೇ ಪ್ರಶ್ನೆ, ಕೊನೆಯಲ್ಲಿ ‘ಏನಾಯ್ತು?’ ಎಂದು ಇನ್ನೊಂದು.

ಆ ಗಂಟೆ ನಿಮಗೆ ಬಿಡುವಲ್ಲ. ಒಂದು ಕಡೆ ಕೂತು ಬರೆದುಕೊಳ್ಳಿ: ಯಾವ ಟ್ರೇ ಮೇಲೆ ಧೂಳು ಕೂತಿದೆ, ಯಾವುದಕ್ಕೆ ಕಿತ್ತಾಟ. ಧೂಳು ಕೂತದ್ದನ್ನು ಒಳಗಿಡಿ, ಕಿತ್ತಾಟದ್ದು ಇನ್ನೊಂದು ತನ್ನಿ. ಒಂದು ಸಲಕ್ಕೆ ಒಂದೇ ಕಪಾಟು ಬದಲಿಸಿ. ರಾತ್ರೋರಾತ್ರಿ ಇಡೀ ಕೋಣೆ ತಿರುಗಿಸಿದರೆ ಮಕ್ಕಳು ಬೆಳಿಗ್ಗೆ ದಾರಿ ತಪ್ಪಿದವರ ಹಾಗೆ ಮತ್ತೆ ನಿಮ್ಮ ಹತ್ತಿರವೇ ಬರುತ್ತಾರೆ. ಮೂಲೆ ಬದಲಿಸುವುದಾದರೆ ಅವರನ್ನೂ ಕೂಡಿಸಿಕೊಂಡೇ ಎಳೆದಾಡಿ.

ತಿಂಗಳ ನಂತರ ಮತ್ತೆ ನೋಟ್‌ಬುಕ್ ತೆಗೆದು ಎಣಿಸಿ. ನಮ್ಮಲ್ಲಿ ಎರಡನೇ ಸಲದ ಗೀಟುಗಳಲ್ಲಿ ಅರ್ಧಕ್ಕರ್ಧ ಒಂದೇ ವಸ್ತುವಿನದ್ದು: ಅಂಟಿನ ಬಾಟಲಿ. ಕಪಾಟಿನಲ್ಲೇ ಇತ್ತು, ಕೈಗೂ ಎಟುಕುತ್ತಿತ್ತು. ಮುಚ್ಚಳ ಮಾತ್ರ ಅವರ ಬೆರಳಿಗೆ ತಿರುಗುತ್ತಿರಲಿಲ್ಲ. ಅಂಟನ್ನು ಅಗಲ ಬಾಯಿಯ ಬಟ್ಟಲಿಗೆ ಸುರಿದು, ಪಕ್ಕದಲ್ಲಿ ಒಂದು ಬ್ರಶ್ ಇಟ್ಟೆವು.