ಬಲಗಡೆ ಗಾಡಿ ಓಡಿಸುವ ದೇಶಕ್ಕೆ ಹೊರಟಿದ್ದೀರಾ? ಸ್ವೀಡನ್ ಮಾಡಿದ ಹಾಗೆ ಮಾಡಿ

ಅಮೆರಿಕಕ್ಕೋ ದುಬೈಗೋ ಜರ್ಮನಿಗೋ ಹೊರಟವರು ಮೊದಲು ಕೇಳುವುದು ಲೈಸೆನ್ಸ್ ಬಗ್ಗೆ. ಅದು ಹೇಗೋ ಆಗುತ್ತೆ ಬಿಡಿ. ಇಷ್ಟು ವರ್ಷ ಎಡಗಡೆ ಓಡಿಸಿ ಪಳಗಿದ ಕೈಯನ್ನು ಬಲಕ್ಕೆ ಒಗ್ಗಿಸುವುದೇ ಕಷ್ಟದ ಕೆಲಸ. ಅದನ್ನು ಒಂದಿಡೀ ದೇಶ ಒಂದೇ ಬೆಳಗ್ಗೆ ಮಾಡಿದೆ.

1967ರ ಸೆಪ್ಟೆಂಬರ್ 3, ಭಾನುವಾರ. ಸ್ವೀಡನ್‌ನಲ್ಲಿ ರಾತ್ರಿ ಒಂದು ಗಂಟೆಯಿಂದಲೇ ಅಗತ್ಯ ಇಲ್ಲದ ಗಾಡಿಗಳನ್ನು ರಸ್ತೆಗೆ ಬಿಡಲಿಲ್ಲ. 4:50ಕ್ಕೆ ರಸ್ತೆಯಲ್ಲಿದ್ದವರೆಲ್ಲ ನಿಂತರು, ಮೆಲ್ಲಗೆ ಬಲಬದಿಗೆ ಸರಿದರು, ಮತ್ತೆ ನಿಂತರು. ಐದಕ್ಕೆ ಹೊರಟರು. ಅಷ್ಟೇ.

ನೀವೂ ಹಾಗೇ ಮಾಡಿ. ಕಾರು ಹತ್ತಿದ ಕೂಡಲೇ ಹೊರಡಬೇಡಿ. ಐದು ನಿಮಿಷ ಸುಮ್ನೆ ಕೂತು ಎಲ್ಲದರ ಮೇಲೂ ಕೈಯಾಡಿಸಿ. ಕಾಲಿನ ಪೆಡಲ್‌ಗಳು ಇಲ್ಲಿದ್ದ ಹಾಗೇ ಇರುತ್ತವೆ, ಗೇರ್ ಮಾತ್ರ ಬಲಗೈಗೆ. ನಮ್ಮ ಬಹಳಷ್ಟು ಕಾರುಗಳಲ್ಲಿ ಇಂಡಿಕೇಟರ್ ಬಲಗೈಗೆ ಸಿಗುತ್ತದೆ, ಅಲ್ಲಿ ಎಡಗೈಗೆ. ತಿರುವಿನ ಮಧ್ಯೆ ಇಂಡಿಕೇಟರ್ ಅಂತ ಎಳೆದರೆ ಒಣ ಗಾಜಿನ ಮೇಲೆ ವೈಪರ್ ಕಿರ್ರನೆ ಉಜ್ಜುತ್ತದೆ, ಗಾಬರಿಯಲ್ಲಿ ಕಣ್ಣು ರಸ್ತೆ ಬಿಟ್ಟು ಸ್ಟೇರಿಂಗ್ ಕಡೆ ಹೋಗುತ್ತದೆ, ಅದೇ ಅಪಾಯ.

ಇನ್ನು ಒಂದು ಮಾತು ನೆನಪಿಟ್ಟರೆ ಸಾಕು: ರಸ್ತೆಯ ನಡುಗೆರೆ ನಿಮ್ಮ ಭುಜದ ಕಡೆ ಇರಬೇಕು, ಪಕ್ಕದ ಸೀಟಿನ ಕಡೆ ಅಲ್ಲ. ನಮ್ಮೂರಲ್ಲೂ ಹಾಗೇ ಅಲ್ವಾ? ಸ್ವೀಡನ್‌ನವರಿಗೆ ಈ ಅನುಕೂಲ ಇರಲಿಲ್ಲ. ಎಡಗಡೆ ಓಡಿಸುತ್ತಿದ್ದರೂ ಹೆಚ್ಚಿನ ಕಾರುಗಳ ಸ್ಟೇರಿಂಗ್ ಕೂಡ ಎಡಕ್ಕೇ ಇತ್ತು, ಹಾಗಾಗಿ ಡ್ರೈವರ್ ರಸ್ತೆಯಂಚಿಗೆ ಕೂರುತ್ತಿದ್ದ, ಮುಂದಿನ ಲಾರಿಯನ್ನು ಓವರ್‌ಟೇಕ್ ಮಾಡಬೇಕಾದರೆ ಎದುರಿಂದ ಏನು ಬರುತ್ತಿದೆ ಅಂತ ಸರಿಯಾಗಿ ಕಾಣುತ್ತಿರಲಿಲ್ಲ. 1955ರಲ್ಲಿ ಮತ ಹಾಕಿದವರಲ್ಲಿ ನೂರಕ್ಕೆ 83 ಮಂದಿ ಬದಲಾವಣೆ ಬೇಡ ಅಂದಿದ್ದರೂ 1963ರಲ್ಲಿ ಅಲ್ಲಿನ ಸಂಸತ್ತು ಒಪ್ಪಿದ್ದಕ್ಕೆ ಇದೂ ಒಂದು ಕಾರಣ. ಪಕ್ಕದ ನಾರ್ವೆ, ಫಿನ್ಲೆಂಡ್‌ಗಳು ಬಲಗಡೆ ಓಡಿಸುತ್ತಿದ್ದದ್ದು ಇನ್ನೊಂದು.

ಬಲಕ್ಕೆ ತಿರುಗುವುದು ಈಗ ಸುಲಭ. ಎಡಕ್ಕೆ ತಿರುಗುವಾಗ ಎದುರಿನ ಗಾಡಿಗಳನ್ನು ದಾಟಬೇಕು, ತಾಳ್ಮೆ ಬೇಕು. ಸರ್ಕಲ್‌ನಲ್ಲಿ ಬಲಕ್ಕೆ ಹೊಕ್ಕು ಸುತ್ತಿ.

ಟ್ರಾಫಿಕ್ ಇದ್ದಾಗ ಮುಂದಿನ ಗಾಡಿಯೇ ದಾರಿ ತೋರಿಸುತ್ತದೆ. ತಪ್ಪಾಗುವುದು ಖಾಲಿ ರಸ್ತೆಯಲ್ಲಿ. ಒಂದು ಬೆಳಗಿನ ಜಾವ ಪೆಟ್ರೋಲ್ ಬಂಕ್‌ನಿಂದ ಹೊರಬಂದು ಅಭ್ಯಾಸಬಲದಲ್ಲಿ ಎಡಗಡೆಗೆ ಹೋಗಿಬಿಟ್ಟಿದ್ದೆ. ಎರಡು ಹೆಡ್‌ಲೈಟ್ ನೇರ ನನ್ನ ಮೇಲೇ ಬಂದಾಗಲೇ ಗೊತ್ತಾಗಿದ್ದು. ಬ್ರೇಕ್ ಹಾಕಿ ಬದಿಗೆ ನಿಂತಾಗ ಕೈ ನಡುಗುತ್ತಿತ್ತು. ಅವತ್ತಿನಿಂದ ಬಂಕ್, ಪಾರ್ಕಿಂಗ್, ಒನ್‌ವೇ ಮುಗಿಯುವ ಜಾಗ, ಎಲ್ಲಿಂದ ಹೊರಟರೂ "ಬಲ, ಬಲ" ಅಂತ ಬಾಯಿಬಿಟ್ಟು ಹೇಳುತ್ತೇನೆ. ಪಕ್ಕದಲ್ಲಿ ಯಾರಾದರೂ ಇದ್ದರೆ ಅವರಿಗೂ ಹೇಳಲು ಹೇಳಿ.

ನಡೆಯುವಾಗಲೂ ಅಷ್ಟೇ. ದಾಟುವ ಮುಂಚೆ ಮೊದಲು ಎಡಕ್ಕೆ ನೋಡಿ. ಅಪ್ಪ ಅಮ್ಮ ನೋಡಲು ಬಂದರೆ ಕೈ ಹಿಡಿದೇ ದಾಟಿಸಿ, ಅವರ ಕಣ್ಣು ಅಭ್ಯಾಸದಂತೆ ಬಲಕ್ಕೇ ಹೋಗುತ್ತದೆ.

ಮೊದಲ ವಾರ ಎಲ್ಲರೂ ಹುಷಾರಾಗಿರುತ್ತಾರೆ. ಸ್ವೀಡನ್‌ನಲ್ಲಿ ಮರುದಿನ ಸೋಮವಾರ ವರದಿಯಾದದ್ದು 125 ಅಪಘಾತ, ಹಿಂದಿನ ಸೋಮವಾರಗಳಿಗಿಂತ ಕಡಿಮೆ, ಯಾರೂ ಸಾಯಲಿಲ್ಲ. ವೇಗಕ್ಕೂ ಮಿತಿ ಹಾಕಿದ್ದರು. ಎರಡು ವರ್ಷದೊಳಗೆ ಭಯ ಹೋಯಿತು, ಅಪಘಾತಗಳು ಮೊದಲಿನಷ್ಟೇ ಆದವು. ಅದಕ್ಕೇ ಎರಡನೇ ತಿಂಗಳಲ್ಲಿ, ಮೈ ಹಗುರಾಯಿತು ಅನ್ನಿಸುವಾಗ ಜಾಸ್ತಿ ನಿಧಾನ ಮಾಡಿ. ರಜೆಗೆ ಊರಿಗೆ ಬಂದಾಗ ಎಲ್ಲ ಮತ್ತೆ ಉಲ್ಟಾ, ಮೊದಲ ಎರಡು ದಿನ ಕಾರಿನ ಕೀ ತಮ್ಮನ ಹತ್ತಿರವೇ ಇರಲಿ.