ಎಳೆಯುವ ಮುಂಚೆ ಹಿಂದಿನ ಹಲ್ಲು ನೋಡಿ

ಬದಿಯಡ್ಕದ ಹತ್ತಿರ ನನ್ನ ಕ್ಲಿನಿಕ್, ವಕ್ರ ಹಲ್ಲಿಗೆ ಕಂಬಿ ಹಾಕಿ ಸರಿಮಾಡುವುದು ನನ್ನ ಕೆಲಸ. ಮಂಗಳೂರಲ್ಲಿ ಬಿಡಿಎಸ್ ಓದುವ ನಮ್ಮೂರ ಮಕ್ಕಳು ರಜೆಯಲ್ಲಿ ಬಂದು ಕುರ್ಚಿಯ ಪಕ್ಕ ನಿಲ್ಲುತ್ತಾರೆ. ಕಂಬಿ ಕೂರಿಸಲು ಹಲ್ಲಿಗೆ ಬ್ರ್ಯಾಕೆಟ್ ಅಂಟಿಸುವುದು ಹೇಗೆ, ಯಾವ ಕಂಪನಿಯದ್ದು ಒಳ್ಳೆಯದು ಎಂದೇ ಮೊದಲ ಪ್ರಶ್ನೆ. ಅದು ಕೈಗೆ ಕೂತರೆ ಬರುವ ಕೆಲಸ, ಬಿಡಿ. ನಾನು ತಿರುಗಿ ಕೇಳುವುದು ಬೇರೆ: ಈ ಬಾಯಲ್ಲಿ ಯಾವ ಹಲ್ಲು ಅಲುಗಬಾರದು?

ಆಂಕರೇಜ್ ಅಂದರೆ ಇದೇ. ಮುಂದಿನ ಹಲ್ಲನ್ನು ಹಿಂದಕ್ಕೆ ಎಳೆದಾಗ ದವಡೆ ಹಲ್ಲು ಮುಂದಕ್ಕೆ ಬರಲು ನೋಡುತ್ತದೆ. ಎರಡು ಅಡಿಕೆ ಮರಕ್ಕೆ ಹಗ್ಗ ಕಟ್ಟಿ ಜಗ್ಗಿದರೆ ಎರಡೂ ಬಾಗುತ್ತವೆ, ಅಲ್ವಾ?

ಪ್ಲಸ್ ಟು ಓದುವ ಒಬ್ಬಳು ಹುಡುಗಿಯ ಕೇಸ್ ಹೇಳುತ್ತೇನೆ. ಮೇಲಿನ ಹಲ್ಲು ಉಬ್ಬು, ಕೆಳಗಿನ ಹಲ್ಲಿನಿಂದ ಅದು ಮುಂದೆ ಚಾಚಿದ ಅಂತರ, ಅಂದರೆ ಓವರ್‌ಜೆಟ್ 8 ಮಿ.ಮೀ. ಕೆಳಗಿನ ಸಾಲು ಚೆನ್ನಾಗಿಯೇ ಇತ್ತು. ಅಮೆರಿಕದ ದಂತವೈದ್ಯ ಆಂಗಲ್ 1899ರಲ್ಲಿ ಮಾಡಿದ ವರ್ಗೀಕರಣದ ಪ್ರಕಾರ ಪೂರ್ತಿ ಕ್ಲಾಸ್ ಟು, ಅಂದರೆ ಕೆಳಗಿನದ್ದಕ್ಕೆ ಹೋಲಿಸಿದರೆ ಮೇಲಿನ ದವಡೆ ಹಲ್ಲು ಇರಬೇಕಾದ್ದಕ್ಕಿಂತ ಮುಂದೆ. ಆದರೆ ಅದು ಹೇಳುವುದು ದವಡೆ ಹಲ್ಲಿನ ಸಂಬಂಧ ಮಾತ್ರ. ತಪ್ಪು ಹಲ್ಲಿನದ್ದೋ ಎಲುಬಿನದ್ದೋ ಎಂದು ತಿಳಿಯಲು ಸೆಫಲೋಗ್ರಾಂ, ಅಂದರೆ ತಲೆಯ ಬದಿಯ ಎಕ್ಸ್‌ರೇ ಬೇಕು. ಮೇಲಿನ, ಕೆಳಗಿನ ದವಡೆ ಎಲುಬು ಎಷ್ಟು ಹಿಂದುಮುಂದು ಎಂದು ತೋರಿಸುವ, ಸಾಮಾನ್ಯವಾಗಿ 2 ಡಿಗ್ರಿ ಇರುವ ಎಎನ್‌ಬಿ ಕೋನ ಇವಳಲ್ಲಿ 4 ಇತ್ತು. ಅಂದರೆ ಗದ್ದ ಹಿಂದಿರುವುದು ಸ್ವಲ್ಪ, ಹಲ್ಲು ಮುಂದೆ ವಾಲಿರುವುದೇ ಜಾಸ್ತಿ. ಅದೇ ಎಕ್ಸ್‌ರೇಯಲ್ಲಿ ಕುತ್ತಿಗೆಯ ಮೂಳೆಗಳ ಆಕಾರ ನೋಡಿದರೆ ಬೆಳವಣಿಗೆಯ ಓಟ ಮುಗಿದಿತ್ತು. ಬೆಳೆಯುವ ಮಕ್ಕಳಿಗೆ ಹಾಕುವ ಟ್ವಿನ್ ಬ್ಲಾಕ್ ಎಂಬ ಪ್ಲೇಟ್ ಕೊಟ್ಟು ಕೆಳದವಡೆ ಮುಂದೆ ತರುವ ಕಾಲ ದಾಟಿತ್ತು.

ಇನ್ನು ಲೆಕ್ಕ. ಮೇಲಿನ ಮೊದಲ ಪ್ರೀಮೋಲಾರ್, ಅಂದರೆ ಕೋರೆ ಹಲ್ಲಿನ ಹಿಂದಿನ ಹಲ್ಲು ತೆಗೆದರೆ ಒಂದೊಂದು ಬದಿ ಸುಮಾರು 7 ಮಿ.ಮೀ. ಜಾಗ. ಓವರ್‌ಜೆಟ್ 2ಕ್ಕೆ ಇಳಿಯಬೇಕಾದರೆ ಮುಂದಿನ ಹಲ್ಲು 6 ಮಿ.ಮೀ. ಹಿಂದೆ ಹೋಗಬೇಕು. ದವಡೆ ಹಲ್ಲಿಗೆ ಉಳಿದದ್ದು ಬರೀ ಒಂದು ಮಿ.ಮೀ. ಅದು 3 ಮಿ.ಮೀ. ಮುಂದೆ ಬಂತೋ, ಜಾಗ ಮುಚ್ಚುತ್ತದೆ, ಉಬ್ಬು ಪೂರ್ತಿ ಹೋಗುವುದಿಲ್ಲ. ಮತ್ತೆ ಕೀಳಲು ಹಲ್ಲೆಲ್ಲಿದೆ? ಕೊನೆಗೆ ಕೋರೆ ಹಲ್ಲು ಕ್ಲಾಸ್ ಒನ್, ಅಂದರೆ ಸರಿಯಾದ ಸಂಬಂಧಕ್ಕೆ ಬಂದು, ದವಡೆ ಹಲ್ಲು ಕ್ಲಾಸ್ ಟುನಲ್ಲೇ ನಿಲ್ಲುತ್ತದೆ ಎಂದಾಗ ಹುಡುಗರು ಹುಬ್ಬೇರಿಸುತ್ತಾರೆ. ಮೇಲಿನ ಎರಡು ಮಾತ್ರ ತೆಗೆದಾಗ ಸೇರಿಕೆ ಕೂರುವುದೇ ಹಾಗೆ.

ಎರಡೂ ಬದಿಯ ದವಡೆ ಹಲ್ಲನ್ನು ಜೋಡಿಸುವ ಅಂಗುಳಿನ ಅಡ್ಡ ಕಂಬಿಯೊಂದನ್ನೇ ನಂಬಿ ಇಷ್ಟು ಬಿಗಿ ಲೆಕ್ಕ ನಿಭಾಯಿಸುವ ಧೈರ್ಯ ನನಗಿಲ್ಲ. ಎರಡನೇ ಪ್ರೀಮೋಲಾರ್ ಮತ್ತು ಮೊದಲ ದವಡೆ ಹಲ್ಲಿನ ಬೇರುಗಳ ನಡುವೆ ಎಲುಬಿಗೇ ಮಿನಿ ಸ್ಕ್ರೂ ಹಾಕಿದೆ, ಎಳೆತ ದವಡೆ ಹಲ್ಲಿನ ಬದಲು ಅದರ ಮೇಲೆ ಬೀಳಲಿ ಎಂದು. 1.5 ಮಿ.ಮೀ. ದಪ್ಪ, 8 ಮಿ.ಮೀ. ಉದ್ದ. ಮರಗಟ್ಟಿಸುವ ಮದ್ದು ಕೆಲವೇ ಹನಿ ಸಾಕು. ಸ್ಕ್ರೂ ಎಂದ ಕೂಡಲೇ ಅಮ್ಮನ ಮುಖ ಬಾಡಿತು. ನೋವು ಹಲ್ಲು ಕೀಳಿಸಿದ್ದಕ್ಕಿಂತ ಕಮ್ಮಿ ಎಂದು ಮಗಳೇ ಆಮೇಲೆ ಸಮಾಧಾನ ಹೇಳಿದಳು.

ಕಂಬಿಯಲ್ಲಿ ಅವಸರ ಬೇಡ. ಬ್ರ್ಯಾಕೆಟಿನ 022 ಸ್ಲಾಟಿನಲ್ಲಿ (ಈ ಅಂಕಿಗಳೆಲ್ಲ ಇಂಚಿನ ಸಾವಿರದ ಒಂದು ಪಾಲಿನ ಲೆಕ್ಕ) ಮೊದಲು 014 ನಿಕಲ್ ಟೈಟಾನಿಯಂ, ಆಮೇಲೆ ದಪ್ಪದ್ದು, ಕೊನೆಗೆ 19 ಬೈ 25 ಸ್ಟೀಲ್. ಸ್ಟೀಲ್ ಹಾಕಿದ ದಿನವೇ ಎಳೆಯುವುದಿಲ್ಲ. ಕಂಬಿ ಸ್ಲಾಟಿನಲ್ಲಿ ಸಡಿಲವಾಗಿ ಜಾರುವ ತನಕ ಒಂದು ತಿಂಗಳು ಬಿಡುತ್ತೇನೆ. ಸಪೂರ ಕಂಬಿಯಲ್ಲಿ ಎಳೆದರೆ ಹಲ್ಲಿನ ತುದಿ ಮಾತ್ರ ಒಳಗೆ ಮಗುಚುತ್ತದೆ, ಬೇರು ಅಲ್ಲೇ ಉಳಿಯುತ್ತದೆ.

"ಸ್ವಲ್ಪ ಜೋರು ಎಳೆದ್ರೆ ಬೇಗ ಮುಗಿಯುದಿಲ್ವಾ ಡಾಕ್ಟ್ರೆ?" ಅಮ್ಮ ಕೇಳಿದರು. ಪರೀಕ್ಷೆಯಲ್ಲಿ ಕೇಳಬೇಕಾದ ಪ್ರಶ್ನೆ! ಬೇರಿಗೂ ಎಲುಬಿಗೂ ನಡುವೆ ಇರುವ ನಾರಿನ ಪದರ ಕಾಲು ಮಿ.ಮೀ. ಅಷ್ಟೇ. ಮೆಲ್ಲಗೆ ಒತ್ತಿದರೆ ರಕ್ತ ಹರಿಯುತ್ತಿರುತ್ತದೆ, ಜೀವಕೋಶಗಳು ಎದುರಿನ ಎಲುಬನ್ನು ಕರಗಿಸುತ್ತವೆ, ಹಲ್ಲು ಸರಿಯುತ್ತದೆ. ಜೋರಾಗಿ ಒತ್ತಿದರೆ ರಕ್ತನಾಳ ಮುಚ್ಚಿ ಆ ಜಾಗ ಸತ್ತುಹೋಗುತ್ತದೆ. ಎಲುಬು ಹಿಂದಿನಿಂದ ಕರಗಿ ಬರುವ ತನಕ ಹಲ್ಲು ನಿಂತಲ್ಲೇ. ಬೇರು ಸವೆಯುವ ಅಪಾಯ ಬೇರೆ. "ಜೋರು ಎಳೆದ್ರೆ ತಡವೇ ಆಗ್ತದೆ ಅಮ್ಮ, ತಿಂಗಳಿಗೆ ಒಂದು ಮಿ.ಮೀ. ಸರಿದರೆ ಅದೇ ಲಾಭ" ಎಂದೆ. ಒಂದು ಬದಿಗೆ 150 ಗ್ರಾಂ ಇಟ್ಟೆ, ಗೇಜಿನಲ್ಲಿ ಅಳೆದೇ. ಕೈ ಅಂದಾಜು ನನಗೆ ಒಗ್ಗುವುದಿಲ್ಲ.

ಎಳೆಯಲು ರಬ್ಬರ್ ಚೈನ್ ಅಗ್ಗ. ಆದರೆ ಮೊದಲ ದಿನವೇ ಅರ್ಧಕ್ಕರ್ಧ ಬಲ ಕಳೆದುಕೊಳ್ಳುತ್ತದೆ. ನಮ್ಮಲ್ಲಿ ಆಟಿ ತಿಂಗಳ ಮಳೆಗೆ ಒಳಗಿನ ಊರುಗಳವರು ಅಪಾಯಿಂಟ್‌ಮೆಂಟ್ ತಪ್ಪಿಸುವುದು ಮಾಮೂಲು. ಹಾಗಾಗಿ ನಿಕಲ್ ಟೈಟಾನಿಯಂ ಸ್ಪ್ರಿಂಗ್. ತಡವಾದರೂ ಅದರ ಎಳೆತ ಹೆಚ್ಚು ಕಡಿಮೆ ಹಾಗೇ ಇರುತ್ತದೆ. ಪ್ರತಿ ಸಲ ಡಿವೈಡರಿನಲ್ಲಿ ಜಾಗ ಅಳೆದು ಕಾರ್ಡಿನಲ್ಲಿ ಬರೆಯುತ್ತೇನೆ. ದವಡೆ ಹಲ್ಲು ಹೊರಟರೆ ಕಣ್ಣಿಗೆ ಕಾಣುವ ಮುಂಚೆ ಕಾರ್ಡಿನಲ್ಲಿ ಕಾಣುತ್ತದೆ.

ಬ್ರ್ಯಾಕೆಟ್ ಕಿತ್ತುಬರುವುದಕ್ಕೆ ಇಲ್ಲಿ ದೊಡ್ಡ ಕಾರಣ ಹಲಸಿನ ಹಪ್ಪಳ. ಬೇಡ ಎಂದರೆ ಯಾರು ಕೇಳುತ್ತಾರೆ? ಸಾರನ್ನಕ್ಕೆ ಪುಡಿ ಮಾಡಿ ಹಾಕಿ, ಮೆತ್ತಗಾದ ಮೇಲೆ ತಿನ್ನಿ ಎನ್ನುತ್ತೇನೆ.

ಜಾಗ ಮುಚ್ಚಿ ಕಂಬಿ ತೆಗೆದ ದಿನ ಎಲ್ಲರೂ ಖುಷಿ. ನನಗೆ ಆಗಲೇ ತಲೆಬಿಸಿ. ವಸಡಿನ ಎಳೆಗಳು ಹೊಸ ಜಾಗಕ್ಕೆ ಒಗ್ಗಲು ಹತ್ತಿರ ಹತ್ತಿರ ಒಂದು ವರ್ಷ ಬೇಕು. ಅಷ್ಟರೊಳಗೆ ಹಲ್ಲು ವಾಪಸ್ ಹೊರಡುತ್ತದೆ. ಮುಂದಿನ ಹಲ್ಲುಗಳ ಹಿಂದೆ ಸಣ್ಣ ತಂತಿ ಅಂಟಿಸಿ, ತೆಗೆದು ಹಾಕಬಹುದಾದ ಹಾಲೆ ಪ್ಲೇಟನ್ನೂ ಕೊಟ್ಟೆ. ಮೊದಲ ಆರು ತಿಂಗಳು ಊಟ ಬಿಟ್ಟು ಉಳಿದ ಹೊತ್ತು ಪೂರ್ತಿ, ಆಮೇಲೆ ರಾತ್ರಿ. ಡಬ್ಬಿಯನ್ನೂ ಕೊಡುತ್ತೇನೆ. ಆದರೂ ಮದುವೆ ಊಟದಲ್ಲಿ ಎಲೆಯ ಬದಿಗಿಟ್ಟು, ಎಲೆ ಎತ್ತುವಾಗ ಪ್ಲೇಟನ್ನೂ ಕಳಿಸಿ, ಹೊಸದು ಮಾಡಿಸಲು ಬರುವವರು ಪ್ರತಿ ಸೀಸನ್ನಿಗೂ ಇದ್ದೇ ಇದ್ದಾರೆ.